ಹೆತ್ತವರ ಮನಸ್ಸಿನ ಖಾಯಿಲೆ: ಕೈಗೆಟಕುವ ಚಿಕಿತ್ಸೆ ಎಲ್ಲಿದೆ?

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ನಮ್ಮ ಹಾಲಿನ ಸಂಘ ಬೆಳೆದು ಬಂದ ದಾರಿಯನ್ನು ನನಗಿಂತ ಮೊದಲು ಮಾತನಾಡಿದವರು ವಿವರವಾಗಿ ಹೇಳಿದ್ದಾರೆ. ನಾನು ಬೇರೆ ವಿಷಯ ಹೇಳುತ್ತೇನೆ. ನಾನು ಡಾಕ್ಟರಲ್ಲ, ರೈತ. ಆದರೆ ನಮ್ಮ ತಾಯಿಯವರಿಗೆ ಮನಸ್ಸಿನ ಖಾಯಿಲೆ ಇರುವುದರಿಂದ ಆ ಆಸ್ಪತ್ರೆಯ ದಾರಿ ಬಲ್ಲೆ. ಈ ಮಾತನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಹಸುವಿಗೆ ಕೆಚ್ಚಲು ಬಾವು ಬಂದರೆ ಅವತ್ತೇ ಡಾಕ್ಟರನ್ನು ಕರೆಸುತ್ತೇವೆ. ಅಪ್ಪ ತಿಂಗಳುಗಟ್ಟಲೆ ನಿದ್ದೆ ಮಾಡದೆ ಒಬ್ಬರೇ ಮಾತಾಡುತ್ತಿದ್ದರೆ, ಊಟದಲ್ಲಿ ವಿಷ ಹಾಕಿದ್ದೀರಿ ಅಂತ ಮನೆಯವರನ್ನೇ ಬೈದರೆ, "ವಯಸ್ಸಾಯ್ತು", "ಗಾಳಿ ಸೋಕಿದೆ" ಅಂತ ಸುಮ್ಮನಾಗುತ್ತೇವೆ. ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆಯ ಜೊತೆಗೆ ಗುಳಿಗೆಯೂ ಇರಲಿ ಎನ್ನುತ್ತೇನೆ.

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಚೆನ್ನಾಗಿದ್ದ ವಯಸ್ಸಾದವರು ಒಂದೆರಡು ದಿನದಲ್ಲೇ ಏಕಾಏಕಿ ಏನೇನೋ ಮಾತಾಡತೊಡಗಿದರೆ ಅದು ಮನಸ್ಸಿನ ಖಾಯಿಲೆಯೇ ಆಗಬೇಕೆಂದಿಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನ ಅಂಶ ಇಳಿಯುವುದು, ಸಕ್ಕರೆ ಏರುಪೇರು, ಕುಡಿತ ಒಮ್ಮೆಲೇ ನಿಲ್ಲಿಸುವುದು, ಇವುಗಳಿಂದಲೂ ಹಾಗಾಗುತ್ತದೆ. ಅಂಥವರನ್ನು ತಡಮಾಡದೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು. 108ಕ್ಕೆ ಫೋನು ಮಾಡಿ.

ಈಗ ಖರ್ಚಿನ ಮಾತು. ಸಂಘದಲ್ಲಿ ನಾವು ಲೆಕ್ಕ ನೋಡುವ ಹಾಗೆ ಇದನ್ನೂ ನೋಡೋಣ. ಈ ಖಾಯಿಲೆಯಲ್ಲಿ ಎಷ್ಟೋ ಮನೆಗಳನ್ನು ಮುಳುಗಿಸುವುದು ಗುಳಿಗೆಯ ಬೆಲೆಯಲ್ಲ. ಕಂಡಕಂಡಲ್ಲಿ ತಿರುಗಿದ ಕಾರಿನ ಬಾಡಿಗೆ, ಮಂತ್ರ ಯಂತ್ರದ ಖರ್ಚು, ಅರ್ಧಕ್ಕೆ ಔಷಧ ಬಿಟ್ಟು ಮತ್ತೆ ಮತ್ತೆ ಆಸ್ಪತ್ರೆ ಸೇರುವುದು, ನೋಡಿಕೊಳ್ಳುವವರ ಕೂಲಿ ನಷ್ಟ, ಇವೇ ದೊಡ್ಡ ಬಾಬ್ತು. ಬಟವಾಡೆ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ, ಸಾಲದಿದ್ದರೆ ಹಸು ಮಾರುತ್ತಾರೆ. ಹತ್ತಿರದಲ್ಲೇ, ನಿಲ್ಲಿಸದೆ ಚಿಕಿತ್ಸೆ ಮಾಡಿಸುವುದೇ ಎಲ್ಲಕ್ಕಿಂತ ಅಗ್ಗ.

ಹತ್ತಿರದಲ್ಲಿ ಎಲ್ಲಿದೆ ಎಂದು ಕೇಳುತ್ತೀರಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರೆ ಮನೋರೋಗಕ್ಕೆ ಹಳ್ಳಿಯ ಪಕ್ಕದಲ್ಲೇ ಔಷಧ ಕೊಡಬಹುದೆಂದು ಅಲ್ಲಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಇವತ್ತು ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಜ್ಞರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ನಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗಿ. ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಬಹುದು. ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿಗಳು ಕೈಯಲ್ಲಿರಲಿ.

ಯಾರನ್ನು ಕೇಳುವುದೆಂದೇ ತೋಚದಿದ್ದರೆ 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ. ಕಾರ್ಡು ಇಲ್ಲದಿದ್ದರೂ ಈ ಹಕ್ಕು ಇದೆ. ರೋಗಿಗೆ ಸರಪಳಿ ಹಾಕುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ನಮ್ಮ ಸಹಕಾರಿಗಳ ಯಶಸ್ವಿನಿ 2003ರಲ್ಲಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆಂದು ಆರಂಭವಾದದ್ದು. ಈ ಖಾಯಿಲೆಗೆ ಅದೊಂದನ್ನೇ ನಂಬಿ ಕೂರಬೇಡಿ. ಆಸ್ಪತ್ರೆಗೆ ಸೇರಿಸುವ ಮುನ್ನ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ ಎಂದು ಆರೋಗ್ಯ ಮಿತ್ರರನ್ನು ವಿಚಾರಿಸಿ.

ಔಷಧದ ಬಗ್ಗೆ ಮೂರು ಮಾತು. ಒಂದು, ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಮುಗಿದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ, ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ಎರಡು, ಗುಳಿಗೆ ಉಗಿಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಅದು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಮೂರು, ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿದರೆ ನೀರು ಚೆನ್ನಾಗಿ ಕುಡಿಯಬೇಕು, ತಾವಾಗಿಯೇ ಉಪ್ಪು ಬಿಡಬಾರದು, ಹೇಳಿದ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ವಾಂತಿ ಭೇದಿ ಆದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಗುಣ ಕಂಡಿತೆಂದು ತಾವೇ ಔಷಧ ನಿಲ್ಲಿಸಬಾರದು. ನಮ್ಮ ತಾಯಿಯವರು ದಿನವೂ ಗುಳಿಗೆ ನುಂಗುತ್ತಾರೆ, ಬೆಳಗಿನ ಹಾಲನ್ನೂ ಅವರೇ ಡೈರಿಗೆ ತಂದು ಹಾಕುತ್ತಾರೆ. ನೀವೆಲ್ಲ ನೋಡಿದ್ದೀರಿ.

ಆಡಳಿತ ಮಂಡಳಿಗೂ ಸದಸ್ಯರಿಗೂ ನನ್ನ ಮನವಿ ಇಷ್ಟು. ಹಾಲಿನ ದರದ ಬೋರ್ಡಿನ ಪಕ್ಕ 14416 ಎಂದೂ, ತಜ್ಞರು ಬರುವ ಮಂಗಳವಾರದ ತಾರೀಖನ್ನೂ ಬರೆಸೋಣ. ಆ ದಿನ ಹೋಗುವವರೆಲ್ಲ ಸೇರಿ ಒಂದೇ ಗಾಡಿ ಮಾಡಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ. ಯಾರಾದರೂ ಹೆತ್ತವರ ಜೊತೆ ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ಅಕ್ಕಪಕ್ಕದವರು ಅವರ ಹಸು ಕರೆದು, ಅವರ ಹೆಸರಿಗೇ ಹಾಲು ಹಾಕಲಿ. "ಹುಚ್ಚರ ಮನೆ" ಎನ್ನುವ ಮಾತು ನಮ್ಮೂರಿನಲ್ಲಿ ಯಾರ ಬಾಯಲ್ಲೂ ಬರದಿರಲಿ. ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ತಂದೆತಾಯಿಗಳು ಕತ್ತಲೆ ಕೋಣೆಯಲ್ಲಿ ಉಳಿದುಬಿಡುತ್ತಾರೆ.

ಒಬ್ಬನಿಗೆ ಭಾರವಾದದ್ದನ್ನು ಹತ್ತು ಜನ ಹೊರುವುದಕ್ಕೇ ಸಹಕಾರ ಎನ್ನುವುದು. 

ಜೈ ಸಹಕಾರ.