ಮೆತ್ತನೆ ಹೆಸರು ಯಾರಿಗೆ ಬೇಕು?

(ವಿಮಾನಪುರದ ಒಂದು ಮನೆಯಲ್ಲಿ ಹೆಣ್ಣುಮಗುವಿಗೆ ಹೆಸರಿಡುವ ದಿನ, ನೆಂಟರು ಮತ್ತು ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಈ ಮನೆಯವರು ತಮ್ಮ ಮಗಳಿಗೆ ಭೀಮಾ ಅಂತ ಹೆಸರಿಡಬೇಕೆಂದಿದ್ದಾರೆ. ಪುರೋಹಿತರನ್ನು ಕರೆದಿಲ್ಲ, ಪಂಚಾಂಗ ತೆಗೆದಿಲ್ಲ, ಯಾವ ಅಕ್ಷರ ಬರುತ್ತೆ ಅಂತ ಯಾರನ್ನೂ ಕೇಳಿಲ್ಲ. ಆದರೆ ಅಜ್ಜಿ ಒಪ್ಪಿಲ್ಲ. "ಅದು ಗಂಡು ಹೆಸರಲ್ವಾ? ನಾಳೆ ಸ್ಕೂಲಲ್ಲಿ ಮಕ್ಕಳು ಆಡ್ಕೊಳ್ಳಲ್ವಾ? ಏನಾದ್ರೂ ಚೆಂದದ್ದು ಇಡ್ರಪ್ಪಾ" ಅಂತಾರೆ. ಅಜ್ಜಿಯ ಮಾತನ್ನು ತಳ್ಳಿಹಾಕುವುದಕ್ಕೆ ನಾವು ಬಂದಿಲ್ಲ. ಅಜ್ಜಿ ಕೇಳಿದ್ದು ಸಣ್ಣ ಪ್ರಶ್ನೆಯೂ ಅಲ್ಲ. ಹೆಣ್ಣಿಗೆ ಚೆಂದದ ಹೆಸರು ಅಂದರೆ ಯಾವುದು? ಅದು ಚೆಂದ ಅಂತ ತೀರ್ಮಾನ ಮಾಡಿದವರು ಯಾರು?

ತೀರ್ಮಾನ ಮಾಡಿದವನು ಮನು. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಡುವ ಕಾಯಿದೆಯೇ ಇದೆ. ಬ್ರಾಹ್ಮಣನ ಹೆಸರಿನಲ್ಲಿ ಮಂಗಳ ಇರಬೇಕು, ಕ್ಷತ್ರಿಯನ ಹೆಸರಿನಲ್ಲಿ ಬಲ ಇರಬೇಕು, ವೈಶ್ಯನ ಹೆಸರಿನಲ್ಲಿ ಹಣ ಇರಬೇಕು. ಶೂದ್ರನ ಹೆಸರು ಕೇಳಿದರೆ ಹೇಸಿಗೆ ಹುಟ್ಟಬೇಕು. ಶೂದ್ರನಿಗೇ ಇಷ್ಟು ಅಂದ ಮೇಲೆ ಊರಾಚೆ ಇಟ್ಟ ನಮಗೇನು ಉಳಿಯಿತು? ಲೆಕ್ಕ ಹಾಕಿಕೊಳ್ಳಿ.

ಅದೇ ಅಧ್ಯಾಯದಲ್ಲಿ ಹೆಣ್ಣಿಗೂ ಒಂದು ಕಾಯಿದೆ ಇದೆ. ಅವಳ ಹೆಸರು ಕೂಗಲು ಸುಲಭವಾಗಿರಬೇಕು, ಒರಟಾಗಿರಬಾರದು, ಕೇಳಿದವರ ಮನಸ್ಸಿಗೆ ಹಿತವಾಗಿರಬೇಕು, ಕೊನೆಯಲ್ಲಿ ದೀರ್ಘ ಬರಬೇಕು, ಹರಸಿದ ಹಾಗಿರಬೇಕು. ಅಂದರೆ ಹೆಸರು ಅವಳದು, ಹಿತ ಕೂಗುವವನದು! ಮೂರನೇ ಅಧ್ಯಾಯಕ್ಕೆ ಬಂದರೆ ಇನ್ನೊಂದು. ನಕ್ಷತ್ರದ, ಮರದ, ನದಿಯ, ಬೆಟ್ಟದ, ಹಕ್ಕಿಯ, ಹಾವಿನ ಹೆಸರಿರುವ ಹುಡುಗಿಯನ್ನು ಮದುವೆಯಾಗಬಾರದಂತೆ. ಕೀಳು ಜಾತಿಯ, ಆಳಿನ ಹೆಸರಿನವಳನ್ನು ಆಗಬಾರದಂತೆ. ಕೇಳಿದರೆ ಭಯವಾಗುವ ಹೆಸರಿನವಳಂತೂ ಬೇಡವೇ ಬೇಡವಂತೆ.

ಈಗ ನಮ್ಮ ಕೇರಿಯ ಅಜ್ಜಿಯರ ಹೆಸರು ಒಂದೊಂದಾಗಿ ಕೂಗಿ ನೋಡಿ. ಗಂಗಮ್ಮ ನದಿ. ನಾಗಮ್ಮ ಹಾವು. ಮಾರಮ್ಮ ಕೇಳಿದರೆ ಊರಿಗೆ ಊರೇ ನಡುಗುತ್ತದೆ. ಕರಿಯಮ್ಮ, ಕೆಂಪಮ್ಮ, ಕಲ್ಲಮ್ಮ. ಒಂದರಲ್ಲೂ ಮೆತ್ತಗಿನದು ಇಲ್ಲ. ಮನು ಬೇಡವೆಂದ ಹೆಸರುಗಳನ್ನೇ ಹೊತ್ತುಕೊಂಡು ಈ ಹೆಂಗಸರು ನಾಟಿ ಮಾಡಿದರು, ಕಲ್ಲು ಹೊತ್ತರು, ನಮ್ಮನ್ನು ಹೆತ್ತರು.

ಹಾಗಂತ ಹಳೇ ಹೆಸರೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದಾಗ, ಸಾವಿಗೂ ಬೇಡವಾಗಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಮ್ಮ ಅಂತ ಕರೆದರು. ಅದರಲ್ಲಿ ತಾಯಿಯ ಸಂಕಟ ಇತ್ತು, ಪ್ರೀತಿಯೂ ಇತ್ತು. ಹೆಣ್ಣು ಇನ್ನು ಸಾಕು ಅಂತ ಸಾಕಮ್ಮ ಅಂದದ್ದೂ ಉಂಟು. ಪಕ್ಕದ ಮಹಾರಾಷ್ಟ್ರದಲ್ಲಿ ಬೇಡವಾದವಳು ಅಂತಲೇ ಅರ್ಥ ಬರುವ ನಕುಸಾ ಎಂಬ ಹೆಸರಿತ್ತು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಒಂದೇ ಸಮಾರಂಭದಲ್ಲಿ 285 ಹೆಣ್ಣುಮಕ್ಕಳು ಆ ಹೆಸರನ್ನು ಕಿತ್ತೆಸೆದು ಹೊಸ ಹೆಸರು ಪಡೆದರು. ಹುಟ್ಟಿದ ದಿನವೇ ನೀನು ಬೇಡ ಅಂತ ಹಣೆಗೆ ಬರೆದ ಹಾಗಿರುವ ಹೆಸರು ಹೋಗಲೇಬೇಕು. ಅದರ ಬಗ್ಗೆ ಎರಡು ಮಾತಿಲ್ಲ.

ಇಟ್ಟ ಹೆಸರನ್ನೂ ಊರು ಇಡಿಯಾಗಿ ಉಳಿಸಲಿಲ್ಲ. ಮನೆಯಲ್ಲಿ ಕೆಂಪಮ್ಮ, ಗೌಡರ ಹೊಲದಲ್ಲಿ ಕೆಂಪಿ. ಮನೆಯಲ್ಲಿ ಮಾರಯ್ಯ, ಜೀತದ ಕೊಟ್ಟಿಗೆಯಲ್ಲಿ ಮಾರ. ಅಮ್ಮ, ಅಯ್ಯ ಅನ್ನುವ ಮರ್ಯಾದೆಯನ್ನು ಕತ್ತರಿಸಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಹೀಗೆ ಕತ್ತರಿಸಿಕೊಂಡ ಹೆಸರಿನಿಂದ ತಪ್ಪಿಸಿಕೊಳ್ಳಬೇಕು ಅಂತಲೇ ನಮ್ಮ ಜನ ಮೇಲಿನವರ ಹೆಸರು ಇಡಲು ಶುರು ಮಾಡಿದ್ದು.

ಅದು ಸುಲಭದ ಕೆಲಸವಾಗಿರಲಿಲ್ಲ. ಕೇರಳದ ಪುಲಯ ಹೆಣ್ಣುಮಕ್ಕಳಿಗೆ ಚಕ್ಕಿ, ಕಾಳಿ, ಕುರುಂಬ ಅನ್ನುವ ಹೆಸರುಗಳೇ ಗತಿಯಾಗಿದ್ದವು. 1912ರಲ್ಲಿ ಕೊಚ್ಚಿಯ ಹತ್ತಿರ ಮುಳವುಕಾಡು ದ್ವೀಪದಲ್ಲಿ ಹುಟ್ಟಿದ ಒಂದು ಪುಲಯ ಮಗುವಿಗೆ ಮನೆಯವರು ದಾಕ್ಷಾಯಣಿ ಅಂತ ಹೆಸರಿಟ್ಟರು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಧೈರ್ಯ! ಆ ಮಗು ಬೆಳೆದು ಪದವಿ ಪಡೆಯಿತು. 1946ರಲ್ಲಿ ಸಂವಿಧಾನ ಸಭೆಗೆ ಹೋಯಿತು. ಆ ಸಭೆಯಲ್ಲಿದ್ದ ಒಬ್ಬಳೇ ಒಬ್ಬಳು ದಲಿತ ಹೆಣ್ಣುಮಗಳು ದಾಕ್ಷಾಯಣಿ ವೇಲಾಯುಧನ್. ನಮ್ಮ ಹುಡುಗಿಯರೆಲ್ಲ ಈ ಹೆಸರನ್ನು ನೆನಪಿಡಬೇಕು.

1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಮನುಸ್ಮೃತಿಗೆ ಬೆಂಕಿ ಇಡಿಸಿದರು. ಅಲ್ಲಿಯೇ ನಮ್ಮ ಹೆಣ್ಣುಮಕ್ಕಳಿಗೆ, ಸೀರೆ ಉಡುವ ರೀತಿಯಿಂದ, ಒಡವೆಯಿಂದ ನೀವು ಅಸ್ಪೃಶ್ಯರೆಂದು ಗುರುತು ಹಿಡಿಯುವ ಹಾಗೆ ಇರಬೇಡಿ ಎಂದು ಹೇಳಿದರು. ಹೆಸರು ಬದಲಾಯಿಸುವುದೂ ಅದೇ ದಾರಿಯ ಹೆಜ್ಜೆ. ಮೇಲಿನವರ ಹೆಸರು ನಮಗೆ ನಿಷೇಧವಾಗಿದ್ದಾಗ ಅದನ್ನು ಕಿತ್ತುಕೊಂಡದ್ದು ಹೋರಾಟ.

ಆದರೆ ಗೆಳೆಯರೇ, ಇವತ್ತು ಆ ಹೆಸರು ಅಂಗಡಿಯಲ್ಲಿ ಸಿಗುವ ಗೊಂಬೆಯಷ್ಟು ಸಲೀಸು. ಮೃದುಲಾ, ಕೋಮಲಾ, ಸುಶೀಲಾ, ವಿನುತಾ. ಯಾವ ಹೆಸರಿಡಬೇಕೆಂದು ಪುಸ್ತಕ ನೋಡುತ್ತೇವೆ, ಫೋನಿನಲ್ಲಿ ಹುಡುಕುತ್ತೇವೆ, ಕೊನೆಗೆ ಆರಿಸಿಕೊಳ್ಳುವುದು ಮನು ಹೇಳಿದ್ದನ್ನೇ. ಕೂಗಲು ಸುಲಭ, ಕೇಳಲು ಹಿತ, ಕೊನೆಗೆ ದೀರ್ಘ. ಶೂದ್ರನ ಕಾಯಿದೆಯಿಂದ ತಪ್ಪಿಸಿಕೊಂಡು ಹೆಣ್ಣಿನ ಕಾಯಿದೆಯೊಳಗೆ ಹೋಗಿ ಬಿದ್ದೆವು. ಜಾತಿಯ ಹಗ್ಗ ಬಿಚ್ಚಿ ಹೆಣ್ತನದ ಹಗ್ಗ ಕಟ್ಟಿದೆವು.

ಇಲ್ಲೇ ವಿಮಾನಪುರದಲ್ಲೇ ನೋಡಿ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬಂತು, ಈ ಕಡೆಗೆಲ್ಲ ವಿಮಾನಪುರ ಅಂತ ಹೆಸರಾಯಿತು. ಈ ಕಾರ್ಖಾನೆಯಿಂದ ಹೊರಬಂದ ಯಂತ್ರಗಳ ಹೆಸರು ಕೇಳಿ. 1961ರಲ್ಲಿ ಹಾರಿದ್ದು ಮಾರುತ. ಆಮೇಲೆ ಧ್ರುವ, ರುದ್ರ, ತೇಜಸ್. 2022ರಲ್ಲಿ ವಾಯುಪಡೆಗೆ ಸೇರಿದ ಹೆಲಿಕಾಪ್ಟರಿಗೆ ಪ್ರಚಂಡ ಅಂತ ಇಟ್ಟರು. ತಗಡಿಗೆ, ಮೊಳೆಗೆ ಪ್ರಚಂಡ ಅಂತ ಹೆಸರಿಡಬಹುದು. ಅದೇ ಕಾರ್ಖಾನೆಯಲ್ಲಿ ಬೆವರು ಸುರಿಸಿದವನ ಮಗಳಿಗೆ ಕೋಮಲಾ! ಯಂತ್ರ ಹೋರಾಡಬೇಕು, ಮಗಳು ನಾಚಬೇಕು. ಹೆಸರಿಡುವವರ ಮನಸ್ಸಿನಲ್ಲಿ ಏನಿದೆ ಅಂತ ಇದರಲ್ಲೇ ಗೊತ್ತಾಗುವುದಿಲ್ಲವೇ?

ಹಿಂದಿನ ಸಾಲಿನಲ್ಲಿ ಕೂತ ಗೆಳೆಯರು ಒಂದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ. ಹೆಸರಿನಲ್ಲಿ ಏನಿದೆ? ಮೆತ್ತನೆ ಹೆಸರಿನವರು ಗಟ್ಟಿ ಕೆಲಸ ಮಾಡಿಲ್ಲವೇ? ಮಾಡಿದ್ದಾರೆ. ಗಂಡನ ಪ್ರಾಣಕ್ಕಾಗಿ ಯಮನ ಹಿಂದೆ ಹೋದವಳು ಅಂತ ಪುರಾಣ ಹೊಗಳಿದ ಹೆಸರು ಸಾವಿತ್ರಿ. ಆ ಹೆಸರಿನ ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಟೀಚರ್ ಆದರು, ಕೆಸರು ಸೆಗಣಿ ಎರಚಿದರೂ ಹಿಂದೆ ಹೋಗಲಿಲ್ಲ. 2016ರಲ್ಲಿ ಯುದ್ಧವಿಮಾನ ಹಾರಿಸಲು ಆಯ್ಕೆಯಾದ ಮೊದಲ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರು ಮೋಹನಾ. 2024ರಲ್ಲಿ ಅವರು ಇದೇ ವಿಮಾನಪುರದಲ್ಲಿ ತಯಾರಾಗುವ ತೇಜಸ್ ವಿಮಾನದ ದಳ ಸೇರಿದರು. ಆದ್ದರಿಂದ ಹೆಸರು ಹಣೆಬರಹ ಅಂತ ನಾವು ಹೇಳುವುದಿಲ್ಲ. ಹಣೆಬರಹವನ್ನೇ ನಂಬದವರು ನಾವು. ನಾವು ಹೇಳುವುದು ಇಷ್ಟೇ: ಮಗಳು ಏನಾಗುತ್ತಾಳೆ ಅನ್ನುವುದನ್ನು ಹೆಸರು ಹೇಳುವುದಿಲ್ಲ, ಅವಳಿಂದ ಹಿರಿಯರು ಏನು ಬಯಸಿದರು ಅನ್ನುವುದನ್ನು ಹೇಳುತ್ತದೆ. ನಾವು ಏನು ಬಯಸುತ್ತೇವೆ?

ಇನ್ನು ಭೀಮಾ. ಅಜ್ಜೀ, ಇದು ಗಂಡು ಹೆಸರು ಅಂದಿರಿ. ಬಾಬಾಸಾಹೇಬರ ತಾಯಿಯ ಹೆಸರೇನು? ಭೀಮಾಬಾಯಿ. ಮಗ ಇನ್ನೂ ಚಿಕ್ಕವನಿದ್ದಾಗಲೇ ಆ ತಾಯಿ ತೀರಿಕೊಂಡಳು. ನಾವು ದಿನಾ ಕೂಗುವ ಜೈ ಭೀಮ್‌ನಲ್ಲಿ ಆ ತಾಯಿಯ ಹೆಸರೂ ಇದೆ, ನಾವು ಗಮನಿಸುವುದಿಲ್ಲ. ಭೀಮಾ ಒಂದು ನದಿ ಕೂಡ. ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಗೆ ನೀರು ಕೊಟ್ಟು ಕೃಷ್ಣೆಯನ್ನು ಸೇರುತ್ತದೆ. ಅದರ ದಡದ ಕೋರೆಗಾಂವ್‌ನಲ್ಲಿ 1818ರ ಜನವರಿ 1ರಂದು ಮಹಾರ್ ಸೈನಿಕರು ಪೇಶ್ವೆಯ ಸೇನೆಯ ಎದುರು ನಿಂತರು. ಭೀಮ ಅಂದರೆ ಭಯ ಹುಟ್ಟಿಸುವಂಥದ್ದು ಅಂತ ಅರ್ಥ. ನದಿಯ ಹೆಸರು, ಮೇಲಾಗಿ ಭಯದ ಹೆಸರು. ಮನುವಿನ ಲೆಕ್ಕದಲ್ಲಿ ಈ ಕೂಸು ಎರಡು ಸಲ ಮದುವೆಗೆ ಅನರ್ಹ! ಬಹಳ ಒಳ್ಳೆಯದಾಯಿತು. ಕೊನೆಯಲ್ಲಿ ದೀರ್ಘ ಇದೆಯಲ್ಲ ಅಂತೀರಾ? ಇರಲಿ ಬಿಡಿ, ಕೂಗುವಾಗ ದೂರಕ್ಕೆ ಕೇಳಿಸುತ್ತದೆ.

ಅಜ್ಜಿ ಬಾಯಿ ಬಿಟ್ಟು ಹೇಳದ ಇನ್ನೊಂದು ಭಯ ಇದೆ. ಭೀಮಾ ಅಂದ ತಕ್ಷಣ ಜಾತಿ ಗೊತ್ತಾಗುತ್ತದೆ. ಈ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಹೆಸರು, ಆಮೇಲೆ ಊರು, ಆಮೇಲೆ ಊಟ ಏನು ಅಂತ ಕೇಳುತ್ತಾರೆ. ಹೆಸರಲ್ಲೇ ಉತ್ತರ ಸಿಕ್ಕಿದರೆ ಮನೆ ಖಾಲಿ ಇಲ್ಲ. ಇದು ಸುಳ್ಳಲ್ಲ, ನಮ್ಮಲ್ಲಿ ಎಷ್ಟೋ ಜನ ಅನುಭವಿಸಿದ್ದೇವೆ. ಕೂಸಿನ ತಲೆ ಮೇಲೆ ನಮ್ಮ ಬಾವುಟ ಹೊರಿಸುವುದು ಸರಿಯೇ ಅಂತ ಕೇಳುವವರಿಗೆ ಆ ಹಕ್ಕಿದೆ. ನಮ್ಮ ಉತ್ತರ: ಬಾವುಟ ಇಲ್ಲದ ಹೆಸರೇ ಇಲ್ಲ. ಸುಶೀಲಾ ಅನ್ನುವುದೂ ಬಾವುಟವೇ, ಬೇರೆಯವರದು. ಹೆಸರು ಮರೆಮಾಚಿ ಪಡೆದ ಮನೆಯಲ್ಲಿ ದಿನವೂ ಮರೆಮಾಚಿಕೊಂಡೇ ಬದುಕಬೇಕು. ಮಗಳು ದೊಡ್ಡವಳಾಗಿ ತನಗೆ ಈ ಹೆಸರು ಬೇಡ ಅಂದರೆ ಬದಲಾಯಿಸಿಕೊಳ್ಳಲಿ, ಅದು ಅವಳ ಸ್ವಾತಂತ್ರ್ಯ. ಅಲ್ಲಿಯವರೆಗೆ ಹೆಸರಿನ ಜೊತೆಗೆ ಜಗಳವೂ ಬಂದರೆ, ಆ ಜಗಳ ನಮ್ಮದು. ಅವಳೊಬ್ಬಳದಲ್ಲ.

ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಜನ ತಮ್ಮ ಮಕ್ಕಳಿಗೆ ಹೈಕೋರ್ಟ್, ಕಾಫಿ, ಮೈಸೂರ್ ಪಾಕ್, ಗೂಗಲ್ ಅಂತ ಹೆಸರಿಟ್ಟಿದ್ದಾರೆ. ಪತ್ರಿಕೆಯವರು ಬಂದು ನಕ್ಕು ಬರೆದುಕೊಂಡು ಹೋದರು. ನಾವು ನಗುವುದಿಲ್ಲ. ಕಾಡಿನಿಂದ ಹೊರಗೆ ಬಂದು ಕಂಡ ಲೋಕದಲ್ಲಿ ತಮಗೆ ಇಷ್ಟವಾದದ್ದನ್ನು ಯಾವ ಶಾಸ್ತ್ರವನ್ನೂ ಕೇಳದೆ ತೆಗೆದುಕೊಂಡರು. ಆ ಧೈರ್ಯ ಓದಿದ ನಮಗೆ ಯಾಕಿಲ್ಲ?

ಕೊನೆಗೆ ಎರಡು ಉಪಯೋಗದ ಮಾತು. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಮಗುವಿನ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 21 ದಿನದೊಳಗೆ ಹುಟ್ಟಿದ್ದನ್ನು ಬರೆಸಿ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಅಜ್ಜಿಯ ಜೊತೆ ಕೂತು ಮಾತಾಡಲು ಬೇಕಾದಷ್ಟು ಸಮಯ ಇದೆ, ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಿಲ್ಲ. ಎರಡನೆಯದು, ಶಾಲೆಗೆ ಸೇರಿಸುವ ದಿನ ರಿಜಿಸ್ಟರಿನಲ್ಲಿ ಬರೆದದ್ದನ್ನು ಓದಿಸಿ ಕೇಳಿ. ಮೇಷ್ಟರು ತಮಗೆ ತೋಚಿದ್ದನ್ನು ಬರೆದರೆ ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಬರುತ್ತದೆ, ಆಮೇಲೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಹಾಸ್ಟೆಲ್ ಗೆಳೆಯರೇ, ನಿಮಗೊಂದು ಕೆಲಸ. ನಿಮ್ಮ ರೂಮಿನಲ್ಲಿ ಕರಿಯಮ್ಮನ ಮಗ, ತಿಪ್ಪಮ್ಮನ ಮಗಳು ಇರುತ್ತಾರೆ. ಫಾರ್ಮ್ ತುಂಬುವಾಗ ತಾಯಿಯ ಹೆಸರಿನ ಜಾಗದಲ್ಲಿ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ನಿಲ್ಲದ ಹಾಗೆ ಮಾಡಿ. ಆ ಹೆಸರನ್ನು ಪೂರ್ತಿಯಾಗಿ, ಅಮ್ಮ ಸಮೇತ, ದೊಡ್ಡ ಅಕ್ಷರದಲ್ಲಿ ಬರೆಯಲಿ. ಹಳೆಯ ಹೆಸರಿಗೆ ನಾಚದವರು ಮಾತ್ರ ಹೊಸ ಹೆಸರನ್ನು ನೆಟ್ಟಗೆ ಇಡಬಲ್ಲರು.

ಬರೀ ಹೆಸರು ಹೊಟ್ಟೆ ತುಂಬಿಸುವುದಿಲ್ಲ. ಭೀಮಾ ಅಂತ ಕೂಗಿ, ಹತ್ತನೇ ಕ್ಲಾಸಿಗೆ ಶಾಲೆ ಬಿಡಿಸಿ ಮದುವೆ ಮಾಡಿದರೆ ಆ ಹೆಸರಿಗೇ ಅವಮಾನ. ಹೆಸರಿಟ್ಟವರೆಲ್ಲ ಅವಳು ಓದುವ ತನಕ ಓದಿಸುವ ಹೊಣೆ ಹೊರಬೇಕು.

ಅಜ್ಜೀ, ಈಗ ಕೂಸನ್ನು ನಿಮ್ಮ ಮಡಿಲಿಗೆ ಕೊಡುತ್ತಾರೆ. ಒಪ್ಪಿಗೆಯಾದರೆ ನೀವೇ ಅವಳ ಕಿವಿಯಲ್ಲಿ ಮೂರು ಸಲ ಹೇಳಿ. ಮೆಲ್ಲಗೆ ಬೇಡ, ನಮಗೆಲ್ಲ ಕೇಳಿಸುವ ಹಾಗೆ ಹೇಳಿ.

ಜೈ ಭೀಮ್.