ಭಾರವೆಳೆಯುವ ಬಂಡಿಯ ಯೋಗಕ್ಷೇಮ

ಕನ್ನಡದಲ್ಲಿ ‘ಹೊರು’ ಎಂಬುದೊಂದು ಧಾತು, ‘ಎಳೆ’ ಎಂಬುದೊಂದು ಧಾತು. ಹೊರುವುದು ಬೆನ್ನಿನ ಕೆಲಸ. ಎಳೆಯುವುದು ಹೆಗಲಿನ ಕೆಲಸ. ಕತ್ತೆ ಹೊರುತ್ತದೆ, ಎತ್ತು ಎಳೆಯುತ್ತದೆ. ಇವೆರಡೂ ಒಂದೇ ಎಂದು ನಮ್ಮ ಹಳ್ಳಿಯ ಒಕ್ಕಲಿಗ ಎಂದೂ ಭಾವಿಸಿದವನಲ್ಲ. ಆದರೆ ಶಿವಮೊಗ್ಗ ಭದ್ರಾವತಿಗಳ ನಡುವಣ ರಸ್ತೆಯಲ್ಲಿ ಇಂದು ಹಗಲಿರುಳೂ ಓಡಾಡುವ ಪಿಕಪ್ ಗಾಡಿಗಳನ್ನು ಕೊಳ್ಳುವವರು ಈ ಭೇದವನ್ನು ಮರೆಯುವುದುಂಟು. “ಒಂದೂವರೆ ಟನ್ ಹೊರುವ ಗಾಡಿ ಒಂದೂವರೆ ಟನ್ ಎಳೆಯಲಾರದೆ?” ಎಂದು ಕೇಳುತ್ತಾರೆ. ಎಳೆದೀತು. ಆದರೆ ಎಳೆದದ್ದನ್ನು ನಿಲ್ಲಿಸೀತೆ ಎಂಬುದು ಬೇರೆಯ ಪ್ರಶ್ನೆ. ಈ ಪ್ರಶ್ನೆಯ ಸುತ್ತಲೇ ನನ್ನ ಇಂದಿನ ಮಾತು.

ವ್ಯಾಕರಣ ಹೇಳುವ ಮೇಷ್ಟರಿಗೆ ಡೀಸೆಲ್ ಎಂಜಿನಿನ ಉಸಾಬರಿ ಏಕೆಂದು ನೀವು ಕೇಳಬಹುದು. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದ ಹುಡುಗರಲ್ಲಿ ಹಲವರು ಇಂದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳಲ್ಲಿಯೂ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿಯೂ ಕೆಲಸ ಮಾಡುತ್ತಿದ್ದಾರೆ. ಕೆಲವರು ಬ್ಯಾಂಕಿನ ಸಾಲದಿಂದ ಪಿಕಪ್ ಕೊಂಡು, ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವ ಕೆಲಸವನ್ನೇ ಜೀವನಕ್ಕೆ ದಾರಿಯಾಗಿ ಹಿಡಿದಿದ್ದಾರೆ. ಅವರಿಂದ ಕಲಿತದ್ದನ್ನೂ, ಓದಿ ತಿಳಿದದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಎಳೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮಲೆನಾಡಿನ ಕಾಡಿನಲ್ಲಿ ಮರದ ದಿಮ್ಮಿಗಳನ್ನು ಆನೆಗಳು ಎಳೆದವು. ತುಂಗೆಯ ದಂಡೆಯ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ನೀವು ಈಗಲೂ ನೋಡಬಹುದು. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದ ಫಿರಂಗಿಗಳನ್ನೆಳೆದು ಹೆಸರಾದ ಅಮೃತಮಹಲ್ ತಳಿಯ ರಾಸುಗಳ ಕ್ಷೇತ್ರ ಅಜ್ಜಂಪುರ ನಮಗೆ ನೆರೆಯ ಊರು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಕಲ್ಲಿದ್ದಲಿನ ಬದಲು ಕಾಡಿನ ಮರದಿಂದ ಮಾಡಿದ ಇದ್ದಿಲನ್ನು ಒದಗಿಸಬೇಕಾಗಿತ್ತು, ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರನ್ನು ಇಳಿಸಬೇಕಾಗಿತ್ತು. ಭಾರವನ್ನು ಎಳೆಯುವುದಷ್ಟೇ ಅಲ್ಲದೆ ಇಳಿಸುವುದೂ ಒಂದು ವಿದ್ಯೆಯೆಂದು ಬೆಟ್ಟದ ನಾಡಿನವರಾದ ನಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಎಂಜಿನಿನ ವಿಚಾರಕ್ಕೆ ಬರೋಣ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಕೊಳವೆ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ ಈ ಸಣ್ಣ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು ೧೮೯೭ರಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಒಳಗೆಳೆದುಕೊಂಡ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಅಥವಾ ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ ಅದರ ಶಾಖ ೫೦೦ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಆ ಗಾಳಿಗೆ ಎಣ್ಣೆಯನ್ನು ಮಂಜಿನ ಹನಿಗಳಂತೆ ಚಿಮ್ಮಿಸಿದರೆ ಸಾಕು, ಕಿಡಿಯ ಹಂಗಿಲ್ಲದೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನಿಗೆ ಬೇಕಾದ ಸ್ಪಾರ್ಕ್ ಪ್ಲಗ್ ಇದಕ್ಕೆ ಬೇಕಿಲ್ಲ. ನಿಧಾನವಾಗಿ ತಿರುಗುವಾಗಲೂ ಬಲವಾಗಿ ತಿರುಚಬಲ್ಲ ಗುಣ ಇದಕ್ಕಿರುವುದರಿಂದಲೇ ಭಾರವೆಳೆಯುವ ಕೆಲಸಕ್ಕೆ ಡೀಸೆಲ್ ಸಲ್ಲುತ್ತದೆ.

ಇಂಥ ಎಂಜಿನಿನ ಆಯುಸ್ಸು ಮೂರು ಶುದ್ಧಿಗಳ ಮೇಲೆ ನಿಂತಿದೆ: ಗಾಳಿಯ ಶುದ್ಧಿ, ಎಣ್ಣೆಯ ಶುದ್ಧಿ, ನೀರಿನ ಶುದ್ಧಿ.

ಗಾಳಿ ಮೊದಲು. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣಿನ ದೂಳು ಹಿಟ್ಟಿನಂತೆ ನುಣ್ಣಗಿರುತ್ತದೆ. ಗಾಳಿ ಸೋಸುವ ಫಿಲ್ಟರು ಕಟ್ಟಿಕೊಂಡರೆ ಎಂಜಿನು ಉಸಿರುಗಟ್ಟಿ ಕಪ್ಪು ಹೊಗೆ ಕಾರುತ್ತದೆ. ಫಿಲ್ಟರು ಹರಿದರೆ ದೂಳು ಒಳಹೊಕ್ಕು ಸಿಲಿಂಡರಿನ ಗೋಡೆಯನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಮಣ್ಣುರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರನ್ನು ಕಂಪನಿಯ ಪುಸ್ತಕ ಹೇಳಿದ ಅವಧಿಗೆ ಮುಂಚೆಯೇ ತೆಗೆದು ನೋಡಬೇಕು.

ಎರಡನೆಯದು ಎಣ್ಣೆ. ಡೀಸೆಲಿನೊಳಗೆ ನೀರು ಸೇರುವುದು ಮಳೆನಾಡಿನ ದೊಡ್ಡ ಉಪದ್ರವ. ಅರ್ಧ ಬರಿದಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವೇ ಹನಿಗಟ್ಟಿ ಕೆಳಗಿಳಿಯುತ್ತದೆ. ಆದಕಾರಣ ಸಂಜೆ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸುವುದು ಒಳ್ಳೆಯ ಅಭ್ಯಾಸ. ಡೀಸೆಲ್ ಫಿಲ್ಟರಿನ ಕೆಳಗಿರುವ ತಿರುಪನ್ನು ಸಡಿಲಿಸಿ ಆಗಾಗ ನೀರು ಬಸಿಯಬೇಕು. ಇಂದಿನ ಎಂಜಿನುಗಳಲ್ಲಿ ಡೀಸೆಲನ್ನು ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಡೀಸೆಲೇ ಅಲ್ಲಿನ ಪಂಪಿಗೆ ಜಿಡ್ಡು; ನೀರಾಗಲಿ ಸೀಮೆಎಣ್ಣೆಯಾಗಲಿ ಬೆರೆತರೆ ಆ ಜಿಡ್ಡು ಹೋಗಿ ಪಂಪು ಸವೆಯುತ್ತದೆ. ಇಷ್ಟು ಒತ್ತಡದ ಕೊಳವೆ ಸೋರುತ್ತಿದೆಯೇ ಎಂದು ಬರಿಗೈಯಿಂದ ಮುಟ್ಟಿ ನೋಡಬಾರದು; ಎಣ್ಣೆಯ ಎಳೆ ಸೂಜಿಯಂತೆ ಚರ್ಮವನ್ನು ತೂರಿ ಒಳಹೋದೀತು.

ಎಂಜಿನಿಗೆ ಹಾಕುವ ಆಯಿಲು ಬೇಗ ಕಪ್ಪಾಗುವುದನ್ನು ಕಂಡು ಗಾಬರಿಪಡಬೇಡಿ. ಮಸಿಯನ್ನು ತನ್ನೊಳಗೆ ಹಿಡಿದಿಡುವುದೂ ಅದರ ಕೆಲಸವೇ. ಬಣ್ಣಕ್ಕಿಂತ ಮಟ್ಟ ಮುಖ್ಯ. ಬೆಳಗ್ಗೆ ಎಂಜಿನು ತಣ್ಣಗಿರುವಾಗ ಅಳತೆಯ ಕಡ್ಡಿ ತೆಗೆದು ನೋಡಿ. ಟರ್ಬೋ ಇರುವ ಎಂಜಿನಿನಲ್ಲಿ ಅದರ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಭಾರವೆಳೆದು ಬಂದ ಕೂಡಲೇ ಕೀಲಿ ತಿರುಗಿಸಿ ಎಂಜಿನು ಆರಿಸಿದರೆ ಅದಕ್ಕೆ ಆಯಿಲಿನ ಹರಿವು ನಿಂತುಹೋಗುತ್ತದೆ. ಹೊಲದಿಂದ ಬಂದ ಎತ್ತನ್ನು ತುಸು ಹೊತ್ತು ಸುಮ್ಮನೆ ನಿಲ್ಲಿಸಿದ ಮೇಲಲ್ಲವೆ ನೀರು ತೋರಿಸುವುದು? ಹಾಗೆಯೇ ಒಂದೆರಡು ನಿಮಿಷ ಎಂಜಿನನ್ನು ಮೆಲ್ಲನೆ ಓಡಲು ಬಿಟ್ಟು ಆಮೇಲೆ ಆರಿಸಬೇಕು.

ಮೂರನೆಯದು ನೀರು. ರೇಡಿಯೇಟರಿಗೆ ಬಾವಿಯ ನೀರು ಸುರಿದರೆ ಒಳಗೆ ತುಕ್ಕೂ ಸುಣ್ಣದ ಪೊರೆಯೂ ಕಟ್ಟುತ್ತವೆ. ಕೂಲೆಂಟು ಬೆರೆಸಿದ ಶುದ್ಧ ನೀರಿನ ಕುದಿಯುವ ಅಂಶವೂ ಮೇಲಕ್ಕೇರುತ್ತದೆ, ತುಕ್ಕೂ ತಡೆಯುತ್ತದೆ. ಭಾರವೆಳೆದು ಘಟ್ಟವೇರುವಾಗ ಇದರ ಬೆಲೆ ತಿಳಿಯುತ್ತದೆ.

೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಿಗೆ ಇನ್ನೊಂದೆರಡು ಉಪಚಾರಗಳು ಸೇರಿವೆ. ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುವ ಗಾಡಿಯನ್ನು ಪೇಟೆಯೊಳಗೆ ಮಾತ್ರ ಓಡಿಸುತ್ತಿದ್ದರೆ ಮಸಿ ಸುಟ್ಟುಹೋಗುವಷ್ಟು ಶಾಖ ಬಾರದೆ ಜಾಲರಿ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಕಂಡಾಗ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ತುಸು ದೂರ ಓಡಿಸಬೇಕು. ಕೆಲವು ಗಾಡಿಗಳಿಗೆ ಯೂರಿಯಾ ದ್ರಾವಣವನ್ನು ಬೇರೆ ಟ್ಯಾಂಕಿನಲ್ಲಿ ತುಂಬಬೇಕು. ಗೊಬ್ಬರದ ಯೂರಿಯಾವನ್ನು ಮನೆಯಲ್ಲೇ ಕರಗಿಸಿ ಸುರಿಯುವ ಜಾಣತನ ಬೇಡ. ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ. ಅದು ಪೈರಿಗೆ ಹಿತ, ಗಾಡಿಗೆ ವಿಷ.

ಇಷ್ಟೂ ಎಳೆಯುವ ಬಲವನ್ನು ಕಾಪಾಡುವ ಮಾತಾಯಿತು. ಇನ್ನು ಎಳೆಯುವ ಕ್ರಮ.

ಒಂದೂವರೆ ಟನ್ ತೂಕದ ಕಾರನ್ನು ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಮೆಲ್ಲಗೆ ಎಳೆಯಲು ಇಪ್ಪತ್ತು ಇಪ್ಪತ್ತೈದು ಕಿಲೋ ತೂಕದಷ್ಟು ಬಲ ಸಾಕು. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಇದರ ಮೇಲೆ ಇನ್ನೂ ಸುಮಾರು ೧೫೦ ಕಿಲೋ ಬಲ ಬೇಕು. ಏರುವಾಗ ಹಿಂದಕ್ಕೆ ಜಗ್ಗಿದ ಈ ೧೫೦ ಕಿಲೋ ಇಳಿಯುವಾಗ ಮುಂದಕ್ಕೆ ನೂಕುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ತಾಳಿಕೊಳ್ಳಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಎಂಜಿನಿನ ಬಲವನ್ನು ಕಂಪನಿಯವರು ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕುತ್ತಾರೆ. ಇಳಿಜಾರಿನಲ್ಲಿ ನಿಮ್ಮನ್ನು ಉಳಿಸುವುದು ಬ್ರೇಕು, ಟಯರು, ತಗ್ಗಿನ ಗೇರು, ಇವುಗಳ ಜೊತೆಗೆ ನಿಮ್ಮ ತಾಳ್ಮೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಹೀರಿದ ಎಣ್ಣೆ ಬಿಸಿಯಾದಾಗ ಕುದಿದು ಗುಳ್ಳೆಗಟ್ಟಿ, ಪೆಡಲು ಹತ್ತಿಯಂತೆ ಮೆತ್ತಗಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಈ ಎಣ್ಣೆ ಬದಲಾಯಿಸಬೇಕು.

ಟ್ರೈಲರು ಕಟ್ಟುವವರು ನಮ್ಮ ಹಳೆಯ ಎತ್ತಿನ ಗಾಡಿಯವರಿಂದ ಪಾಠ ಕಲಿಯಬಹುದು. ಮೂಟೆಗಳನ್ನು ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತಿತ್ತು. ಮುಂದಕ್ಕೆ ಹೇರಿದರೆ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತಿತ್ತು. ಮುಂಭಾರ ಹಿಂಭಾರಗಳ ಹದವರಿತು ಹೇರುವವನೇ ಗಾಡಿಯವ. ಟ್ರೈಲರಿನಲ್ಲಿಯೂ ಇದೇ ಲೆಕ್ಕ: ಒಟ್ಟು ಭಾರದ ಹತ್ತರಲ್ಲೊಂದು ಪಾಲಿನಷ್ಟು ಕೊಂಡಿಯ ಮೇಲೆ ಬಿದ್ದಿರಬೇಕು. ಹಿಂಭಾರವಾದ ಟ್ರೈಲರು ವೇಗ ಹೆಚ್ಚಿದಂತೆ ಹಾವಿನಂತೆ ಹೊರಳಾಡಿ ಎಳೆಯುವ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಕೊಂಡಿಗೆ ಹಾಕುವ ಪಿನ್ನು ನಮ್ಮ ಹಿರಿಯರ ಕಡಾಣಿಯ ತಮ್ಮನೇ. ಬಂಡಿ ಎಷ್ಟು ದೊಡ್ಡದಾದರೂ ಅದರ ಮಾನವಿರುವುದು ಬೆರಳುದ್ದದ ಆ ಕಬ್ಬಿಣದಲ್ಲಿ. ಹೊರಡುವ ಮುನ್ನ ಅದನ್ನು ಕೈಯಿಂದ ಮುಟ್ಟಿ ನೋಡಿ.

ಕೆಟ್ಟ ವಾಹನವನ್ನು ಹಗ್ಗದಿಂದಲೋ ಸರಪಣಿಯಿಂದಲೋ ಎಳೆಯುವಾಗ ಕಾನೂನಿನ ಕಟ್ಟಳೆಗಳಿವೆ. ಎರಡು ವಾಹನಗಳ ನಡುವಣ ಅಂತರ ೫ ಮೀಟರನ್ನು ಮೀರಬಾರದು. ಮುಂದಿನ ಗಾಲಿಗಳನ್ನು ಕ್ರೇನಿನಿಂದ ಎತ್ತಿ ಹಿಡಿದಿಲ್ಲವಾದರೆ ಹಿಂದಿನ ವಾಹನದಲ್ಲಿ ಲೈಸೆನ್ಸು ಇರುವವನೊಬ್ಬ ಚಕ್ರ ಹಿಡಿದು ಕುಳಿತಿರಲೇಬೇಕು. ವಾಹನವನ್ನು ಎಳೆಯಲಾಗುತ್ತಿದೆ ಎಂಬ ಫಲಕ ಅದರ ಹಿಂಬದಿಯಲ್ಲಿ ಕಾಣುವಂತಿರಬೇಕು. ಗಂಟೆಗೆ ೨೫ ಕಿಲೋಮೀಟರ್ ದಾಟದಿರುವುದು ಕ್ಷೇಮ. ಹಗ್ಗವನ್ನು ಚಾಸಿಯ ಕೊಕ್ಕೆಗೇ ಕಟ್ಟಬೇಕು, ಬಂಪರಿಗೆ ಕಟ್ಟಬಾರದು. ಜಗ್ಗಿ ಎಳೆದಾಗ ತುಂಡಾದ ಹಗ್ಗ ಚಾವಟಿಯಂತೆ ಬೀಸುವುದರಿಂದ ಹತ್ತಿರ ಯಾರನ್ನೂ ನಿಲ್ಲಗೊಡಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಇದು: ಎಂಜಿನು ನಿಂತ ವಾಹನದ ಬ್ರೇಕಿಗೆ ಎಂಜಿನಿನಿಂದ ಬರುವ ಸಹಾಯ ತಪ್ಪಿಹೋಗುತ್ತದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗೂ ಬಿಗಿಯುತ್ತದೆ. ಹಿಂದೆ ಕುಳಿತವನಿಗೆ ಇದು ತಿಳಿದಿರದಿದ್ದರೆ ಮೊದಲ ತಿರುವಿನಲ್ಲಿಯೇ ಅನಾಹುತ.

ಆಗುಂಬೆಯ ಘಟ್ಟಕ್ಕೆ ೧೪ ಹೇರ್‌ಪಿನ್ ತಿರುವುಗಳು. ಮಳೆಗಾಲದಲ್ಲಿ ಅಲ್ಲಿ ಭಾರದ ವಾಹನಗಳಿಗೆ ಹಲವು ವರ್ಷ ನಿರ್ಬಂಧ ಹಾಕಿದ್ದುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒಂದು ಸಂಜೆ ಮೇಗರವಳ್ಳಿಯಿಂದ ಕರೆ ಬಂತು. ಅಡಿಕೆ ಮೂಟೆ ತುಂಬಿದ ಸರಕಿನ ವ್ಯಾನೊಂದು ಅಲ್ಲಿ ಕೆಟ್ಟು ನಿಂತಿತ್ತು. ಅದನ್ನು ಘಟ್ಟ ಇಳಿಸಿ ಸೋಮೇಶ್ವರಕ್ಕೆ ಮುಟ್ಟಿಸಿದರೆ ಎರಡು ಪಾಲು ಬಾಡಿಗೆ ಕೊಡುವುದಾಗಿ ಸಾಹುಕಾರರು ಹೇಳಿದರು. ಆ ವಾರವೇ ಇವನು ಬ್ಯಾಂಕಿಗೆ ಕಂತು ಕಟ್ಟಬೇಕಾಗಿತ್ತು. ಆದರೂ, “ತೀರ್ಥಹಳ್ಳಿಗೆ ಬೇಕಾದರೆ ಎಳೆದುಕೊಡ್ತೀನಿ ಸಾಹುಕಾರ್ರೇ, ಘಟ್ಟಕ್ಕೆ ಇಳಿಸೋದಿಲ್ಲ” ಎಂದ. “ಇಷ್ಟು ದೊಡ್ಡ ಎಂಜಿನು ಇಟ್ಟುಕೊಂಡು ಹೆದರ್ತೀಯಲ್ಲೋ!” ಎಂದು ಅವರು ಹೀಯಾಳಿಸಿದರಂತೆ. ಇವನು ಬರಿಗೈಯಲ್ಲಿ ಹಿಂದಿರುಗಿದ. ಮರುದಿನ ಮೂಟೆಗಳನ್ನು ಬೇರೆ ಗಾಡಿಗೆ ಹೇರಿ ಕಳುಹಿಸಿದರೆಂದು ತಿಳಿಯಿತು. ಕಾರಣ ಕೇಳಿದಾಗ ಅವನು ನನಗೆ ಹೇಳಿದ್ದಿಷ್ಟು: “ಎಳೆಯೋದಕ್ಕೆ ನನ್ನ ಗಾಡಿ ಸಾಕು ಮೇಷ್ಟ್ರೇ, ತಡೆಯೋದಕ್ಕೆ ಸಾಲದು. ಹಿಂದಿನ ವ್ಯಾನಿನಲ್ಲಿ ಕೂರಬೇಕಾದವನು ಆ ಡ್ರೈವರು. ಅವನಿಗೂ ಹೆಂಡ್ತಿ ಮಕ್ಕಳಿದ್ದಾರಲ್ಲ.”

ಬೇಡವೆನ್ನುವ ಈ ಧೈರ್ಯಕ್ಕೂ ಕೈಯಲ್ಲಿ ಒಂದಿಷ್ಟು ಕಾಸು ಉಳಿದಿರಬೇಕು. ಕಂತಿಗೆ ಹೆದರಿ ಹಗ್ಗ ಕಟ್ಟುವವನು ಎಲ್ಲ ಭಾರಕ್ಕೂ ಹೂಂ ಎನ್ನುತ್ತಾನೆ. ಆದ್ದರಿಂದ ಗಾಡಿ ಇಟ್ಟವರು ಒಂದು ಲೆಕ್ಕದ ಪುಸ್ತಕ ಇಡಲಿ. ಉದಾಹರಣೆಗೆ, ಒಂದು ಜೊತೆ ಟಯರಿಗೆ ೧೬,೦೦೦ ರೂಪಾಯಿ ಎಂದೂ ಅದು ೪೦,೦೦೦ ಕಿಲೋಮೀಟರ್ ಬಾಳುತ್ತದೆಂದೂ ಇಟ್ಟುಕೊಳ್ಳಿ. ಪ್ರತಿ ಕಿಲೋಮೀಟರಿಗೆ ೪೦ ಪೈಸೆ ಸವೆಯಿತು. ಹೀಗೆಯೇ ಕ್ಲಚ್ಚಿಗೆ, ಬ್ರೇಕಿಗೆ, ಆಯಿಲಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಅಂದಂದಿನ ಬಾಡಿಗೆಯಿಂದಲೇ ಎತ್ತಿಡಬೇಕು. ಆ ಹಣ ನಿಮ್ಮದಲ್ಲ, ಗಾಡಿಯದು. ಎತ್ತಿನ ಹಿಂಡಿ ಬೂಸಾ ತೆಗೆದಿಟ್ಟ ಮೇಲಲ್ಲವೆ ರೈತ ತನ್ನ ಲಾಭ ಎಣಿಸುತ್ತಿದ್ದುದು? ಬಾಡಿಗೆಯ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿವರ್ಷ ಅರ್ಹತಾಪತ್ರ ಮಾಡಿಸಬೇಕು. ವಿಮೆಯ ಕಾಗದದಲ್ಲಿ ಎಳೆಯುವ ಕೆಲಸಕ್ಕೆ ಆಸ್ಪದವಿದೆಯೇ ಎಂದು ಓದಿ ನೋಡಿ. ಅರ್ಥವಾಗದಿದ್ದರೆ ಕೇಳಿ ತಿಳಿಯಿರಿ.

‘ಯೋಗಕ್ಷೇಮ’ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಬ್ಯಾಂಕಿನವರು ಸಹಿ ಹಾಕಿದ ದಿನ ಗಾಡಿಯ ಯೋಗ ಕೂಡಿಬರುತ್ತದೆ. ಅದರ ಕ್ಷೇಮವಾದರೋ ಪ್ರತಿದಿನ ಬೆಳಗ್ಗೆ ಆಯಿಲಿನ ಕಡ್ಡಿ, ಟಯರಿನ ಗಾಳಿ, ಕೊಂಡಿಯ ಪಿನ್ನು, ಇವನ್ನು ನೋಡುವ ಹತ್ತು ನಿಮಿಷದಲ್ಲಿದೆ. ನಾಳೆ ಬೆಳಗ್ಗೆ ಕೀಲಿ ತಿರುಗಿಸುವ ಮೊದಲು ಆ ಹತ್ತು ನಿಮಿಷವನ್ನು ನಿಮ್ಮ ಗಾಡಿಗೆ ಕೊಡಿ.