ಗಣಕಯಂತ್ರದ ಮುಂದೆ ವೈದ್ಯ



ವೈದ್ಯರನ್ನು ವೇದಿಕೆಗೆ ಕರೆದರೆ ಪಥ್ಯಾಪಥ್ಯಗಳ ಉಪದೇಶ ತಪ್ಪದೆಂದು ತಾವು ಅಂಜಿರಬಹುದು. ಇಂದು ಆ ಗೋಜಿಗೆ ಹೋಗುವುದಿಲ್ಲ. ಮೂವತ್ತು ವರ್ಷ ತಮ್ಮ ದೂರುಗಳನ್ನು ಕೇಳಿದವರು ನಾವು. ಒಂದು ದಿನ ನಮ್ಮ ದೂರನ್ನು ತಾವು ಕೇಳಬೇಕು.

ನಾವು ವೃತ್ತಿಗೆ ಇಳಿದಾಗ ಮೇಜಿನ ಮೇಲೆ ಚೀಟಿಯೂ ಲೇಖನಿಯೂ ಇದ್ದವು. ಈಗ ಗಣಕಯಂತ್ರವಿದೆ. ಒಳಬಂದ ರೋಗಿಗೆ ಕಾಣುವುದು ನಮ್ಮ ಮುಖವಲ್ಲ, ಕಿವಿ. ಕಡ್ಡಾಯವೆಂದು ಗುರುತು ಹಾಕಿದ ಕೋಷ್ಠಕಗಳೆಲ್ಲ ತುಂಬದ ಹೊರತು ಪುಟ ಸರಿಯದು. ಪುಟ ಸರಿಯದೆ ಔಷಧದ ಚೀಟಿ ಹೊರಡದು. ಕಾಲು ಉಳುಕಿಸಿಕೊಂಡು ಬಂದ ಅಜ್ಜಿಗೆ ಸಿಗರೇಟಿನ ಅಭ್ಯಾಸವುಂಟೇ ಎಂದು ಕೇಳಿ, ಬೈಸಿಕೊಂಡು, ಬಳಿಕ ಕಾಲು ನೋಡಬೇಕು. ಅಮೆರಿಕದಲ್ಲಿ 2009ರ ಕಾಯಿದೆಯಿಂದ ಈ ದಾಖಲೆಗಳು ವ್ಯಾಪಕವಾದವು. ಅಲ್ಲಿನ ವೈದ್ಯರು ರೋಗಿಯೊಡನೆ ಕಳೆಯುವ ಪ್ರತಿ ಗಂಟೆಗೆ ಸುಮಾರು ಎರಡು ಗಂಟೆ ಯಂತ್ರಕ್ಕೂ ಮೇಜಿನ ಬರೆವಣಿಗೆಗೂ ಕೊಡುತ್ತಾರೆಂದು 2016ರ ಒಂದು ಅಧ್ಯಯನ ತೋರಿಸಿತು. ದೊಡ್ಡವರ ಮನೆಯಲ್ಲೂ ಇದೇ ಪಾಡು!

ಹಾಗೆಂದು ದಾಖಲೆ ಬೇಡವೆನ್ನುವವರು ನಾವಲ್ಲ. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ನಿಯಮ ವಿಧಿಸಿದಾಗ ಎಷ್ಟು ಕಟ್ಟುಗಳು ಗೆದ್ದಲ ಪಾಲಾಗಿದ್ದವೆಂದು ಬಲ್ಲೆವು. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ ಡಿಜಿಟಲ್ ಯೋಜನೆಯ 14 ಅಂಕಿಗಳ ಸಂಖ್ಯೆಯಿಂದ ಊರು ಬಿಟ್ಟವನ ದಾಖಲೆಯೂ ಜೊತೆಗೆ ಬರುವಂತಾದರೆ ಅದು ಉಪಕಾರವೇ ಸರಿ.

ಆದರೆ ನಮ್ಮ ಕಾಸರಗೋಡಿನ ಕಷ್ಟ ಬೇರೆ. ರೋಗಿ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾನೆ, ಗುಮಾಸ್ತರು ಮಲೆಯಾಳದಲ್ಲಿ ಕೇಳಿಕೊಳ್ಳುತ್ತಾರೆ, ಯಂತ್ರ ಇಂಗ್ಲಿಷಿನಲ್ಲಿ ನುಂಗುತ್ತದೆ. ಐತಪ್ಪ ಎಂಬ ಹೆಸರಿಗೆ ಒಬ್ಬರು ‘ಟಿ’ ಒಂದನ್ನೇ ಬರೆದರೆ ಇನ್ನೊಬ್ಬರು ಮುಂದೆ ‘ಎಚ್’ ಸೇರಿಸುತ್ತಾರೆ. ಒಬ್ಬ ಮನುಷ್ಯ ಇಬ್ಬರಾಗುತ್ತಾನೆ. ನಾವು ದುಡಿದ ಒಂದು ಆಸ್ಪತ್ರೆಯಲ್ಲಿ ಅಂತಹ ಕೃಷಿಕನೊಬ್ಬನಿಗೆ ಎರಡು ಕಡತಗಳಿದ್ದವು. ಪೆನಿಸಿಲಿನ್ ಒಗ್ಗದೆಂಬ ಎಚ್ಚರಿಕೆ ಒಂದರಲ್ಲಿತ್ತು. ನಮ್ಮ ಮುಂದೆ ತೆರೆದದ್ದು ಇನ್ನೊಂದು. ನಾವು ಆ ಔಷಧವನ್ನೇ ಬರೆದೆವು. ದಾದಿ ಸೂಜಿ ಹಿಡಿದಾಗ ಅವನ ಹೆಂಡತಿ, “ಅದು ಇವರಿಗೆ ಆಗುವುದಿಲ್ಲ, ಹಿಂದೊಮ್ಮೆ ಮೈಯೆಲ್ಲ ಬಾತು ಉಸಿರು ಕಟ್ಟಿತ್ತು” ಎಂದಳು. ಆಕೆ ಆ ದಿನ ತೋಟದ ಕೆಲಸಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ! ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಎಣ್ಮಕಜೆಯ ಪಡ್ರೆಯಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರನ್ನು ಇಲ್ಲಿ ನೆನೆಯಬೇಕು. ಒಂದೇ ಸೀಮೆಯ ಮನೆಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯಗಳು ಇಷ್ಟೇಕೆ ಎಂದು ಮೊದಲು ಬೆರಗಾದವರು ಅವರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಎಂಡೋಸಲ್ಫಾನ್ ನಿಂತದ್ದು 2000ದಲ್ಲಿ. ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಈ ಮನೆಯವರು ಯಾವ ತೊರೆಯ ನೀರು ಕುಡಿಯುತ್ತಾರೆ, ನೆರೆಮನೆಯ ಮಗುವಿಗೇನಾಗಿದೆ ಎಂದು ಕೇಳುವ ಕೋಷ್ಠಕ ನಮ್ಮ ಯಂತ್ರದಲ್ಲಿಲ್ಲ. ಅದನ್ನು ಕೇಳುವ ವ್ಯವಧಾನವನ್ನೂ ಯಂತ್ರ ಉಳಿಸುವುದಿಲ್ಲ.

ರೋಗಿಯ ಮಾತನ್ನು ಅವನ ಮಾತಿನಲ್ಲಿಯೇ ಬರೆಯಲು ಒಂದಿಷ್ಟು ಜಾಗ ಬೇಕೆಂದು ಮೇಲಿನವರಿಗೆ ಎರಡು ಬಾರಿ ಅರ್ಜಿ ಕೊಟ್ಟೆವು. ಕೊನೆಗೆ ‘ಇತರ’ ಎಂಬ ಕೋಷ್ಠಕ ದೊರೆಯಿತು. ಅದರಲ್ಲಿ ಕನ್ನಡ ಅಕ್ಷರ ಮೂಡದು. “ಎದೆ ಕಿವುಚಿದ ಹಾಗೆ”, “ಹೊಟ್ಟೆಯಲ್ಲಿ ಸಂಕಟ” — ಇವನ್ನೆಲ್ಲ ಈಗ ಮೇಜಿನ ಸೆಳೆಖಾನೆಯ ಇನ್ನೂರು ಪುಟದ ಪುಸ್ತಕದಲ್ಲಿ ಬರೆದಿಡುತ್ತೇವೆ. ನಿಯಮದಲ್ಲಿ ಅದಕ್ಕೆ ಎಡೆಯಿಲ್ಲ.

ತಮ್ಮಲ್ಲಿ ನಮ್ಮ ಬಿನ್ನಹವಿಷ್ಟೆ. ಆಸ್ಪತ್ರೆಗೆ ಬರುವಾಗ ಹಳೆಯ ಚೀಟಿಯನ್ನು ತನ್ನಿ. ಹೆಸರಿನ ಕಾಗುಣಿತವನ್ನು ಪಡಿತರ ಚೀಟಿಯಲ್ಲಿದ್ದಂತೆಯೇ ಬರೆಯಿಸಿ. ಒಗ್ಗದ ಔಷಧವನ್ನು, ನಾವು ಕೇಳದಿದ್ದರೂ, ನಾವು ಪರದೆಯನ್ನೇ ನೋಡುತ್ತಿದ್ದರೂ, ಗಟ್ಟಿಯಾಗಿ ಹೇಳಿ.